ಎಡಗಾಲಿನ ಗುರುತು

ನನ್ನ ಕೆಲಸ ನಿಲ್ಲುವುದನ್ನು ಕಲಿಸುವುದು. ಓಡುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಓಡುತ್ತಿರುವ ಮೈಯನ್ನು ಮೂರೇ ಹೆಜ್ಜೆಯಲ್ಲಿ, ಮುಗ್ಗರಿಸದೆ, ಮೊಣಕಾಲು ಮುರಿದುಕೊಳ್ಳದೆ ನಿಲ್ಲಿಸುವುದು ಬೇರೆ ವಿದ್ಯೆ. ಹೆಜ್ಜೆ ಗಿಡ್ಡವಾಗಬೇಕು, ಸೊಂಟ ಕೆಳಗಿಳಿಯಬೇಕು, ಎದೆ ಮುಂದಕ್ಕೆ ಬೀಳಬಾರದು, ಮೊಣಕಾಲು ಹೆಬ್ಬೆರಳಿನ ಕಡೆ ಕುಸಿಯದೆ ಪಾದ ನೋಡುವ ದಿಕ್ಕನ್ನೇ ನೋಡಬೇಕು. ಇಲ್ಲದ ಕುರ್ಚಿಯಲ್ಲಿ ಕೂರಲು ಹೋಗಿ, ಕೂರುವ ಮೊದಲೇ ನೆನಪಾಗಿ ತಡೆದುಕೊಂಡ ಹಾಗೆ. ಹುಡುಗಿಯರು ನನ್ನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ.

ನಾವು ಆಡುವುದು ಬ್ಯಾಸ್ಕೆಟ್‌ಬಾಲ್. ಆಡುವ ಕೋಣೆ ಉದ್ದವಾದದ್ದು, ಮರದ ನೆಲ, ತಗಡಿನ ಸೂರು. ಅದರ ಎಡಗೋಡೆಯ ಆಚೆಗೆ ಶೌಚಾಲಯ. ಒಳಗಿನ ಕೊಳವೆ ಎಲ್ಲೋ ಒಡೆದು, ವರ್ಷಗಳಿಂದ ಗೋಡೆ ಬೆವರುತ್ತದೆ. ಸುಣ್ಣ ಉಬ್ಬಿ, ಬಿರಿದು, ಬಿರಿದಲ್ಲಿಂದ ಹಳದಿ ನೀರು ಗೆರೆಗೆರೆಯಾಗಿ ಇಳಿದು ನೆಲದ ಹಲಗೆಗೆ ಸೇರುತ್ತದೆ. ಗೋಡೆಯ ಬುಡದಲ್ಲಿ ಲೋಳೆಯಂಥ ಏನೋ ಬೆಳೆದಿದೆ. ಒರೆಸಿದರೆ ಎರಡು ದಿನಕ್ಕೆ ಮತ್ತೆ ಬರುತ್ತದೆ. ಬೇಸಿಗೆಯಲ್ಲಿ ಆ ನಾತ ಗಂಟಲಿಗೇ ಇಳಿದು ಕೂರುತ್ತದೆ. ಸಂಜೆ ಮನೆಗೆ ಹೋಗಿ ಬಾಯಿ ಮುಕ್ಕಳಿಸಿದರೂ ಬಿಡುವುದಿಲ್ಲ.

ಮುಖ್ಯ ತರಬೇತುದಾರರಿಗೆ ಇದು ತಾಗುವುದಿಲ್ಲ. ಅವರನ್ನು ಎಲ್ಲರೂ ಪೀಪಿ ಮೇಷ್ಟ್ರು ಎಂದೇ ಕರೆಯುವುದು. ಪೀಪಿಯನ್ನು ಬಾಯಿಂದ ತೆಗೆಯದೆ ಮಾತಾಡುತ್ತಾರೆ. ಜೊಲ್ಲು ದಾರದ ಗುಂಟ ಇಳಿದು ಅಂಗಿಯ ಮೇಲೆ ಒಂದು ಶಾಶ್ವತ ಕಲೆ ಮಾಡಿದೆ. ಎಂದಾದರೂ ತಮ್ಮ ಪೀಪಿ ಸಿಗದೆ ಹೋದರೆ ನನ್ನದನ್ನು ಕೇಳದೆಯೇ ತೆಗೆದುಕೊಂಡು ಊದಿ, ತೊಡೆಗೆ ಒರೆಸಿ ವಾಪಸ್ಸು ಕೊಡುತ್ತಾರೆ. ಆಮೇಲೆ ನಾನು ಅದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆಯುತ್ತೇನೆ. ತೊಳೆಯುವಾಗ ನನ್ನ ಬಗ್ಗೆಯೂ ನನಗೆ ಹೇಸಿಗೆ ಆಗುತ್ತದೆ. ಇಷ್ಟೊಂದು ತೊಳೆಯುವ ಮನುಷ್ಯ ಒಳ್ಳೆಯವನಾಗಿರಲಾರ ಎಂದು ಅನ್ನಿಸುತ್ತದೆ.

ಹದಿನೆಂಟು ಹುಡುಗಿಯರಲ್ಲಿ ಒಬ್ಬಳು ನನ್ನ ಅಕ್ಕನ ಮಗಳು. ತಂಡದಲ್ಲಿ ಅವಳನ್ನು ಮಿಡತೆ ಎನ್ನುತ್ತಾರೆ. ಉದ್ದ ಕಾಲು, ಚಿಕ್ಕ ತಲೆ, ಕೂತಲ್ಲಿ ಕೂರದ ಜೀವ. ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಓಡಿಬಂದು ನಿಲ್ಲುವಾಗ ಅವಳ ಬಲಮೊಣಕಾಲಿನೊಳಗೆ ಏನೋ ಹರಿಯಿತು. ಆ ಸದ್ದು ನನಗೆ ಕೇಳಿಸಿತ್ತು. ಒಣಗಿದ ಕಡ್ಡಿ ಮುರಿದ ಸದ್ದಲ್ಲ, ಹಸಿ ಕೊಂಬೆಯನ್ನು ತಿರುಚಿದಂಥ ಸದ್ದು. ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಒಂಬತ್ತು ತಿಂಗಳು ಅವಳು ಮೆಟ್ಟಿಲು ಹತ್ತುವುದರಿಂದ ಶುರು ಮಾಡಿ, ನಡೆದು, ಓಡಿ, ಜಿಗಿದು, ಕೊನೆಗೆ ನನ್ನ ಸಾಲಿಗೆ ಬಂದು ನಿಂತಳು.

ಆ ಭಾನುವಾರ ವಲಯ ತಂಡದ ಆಯ್ಕೆ ಪಂದ್ಯವಿತ್ತು. ಅವಳಿಗೆ ಹತ್ತೊಂಬತ್ತಾಗುವುದರಲ್ಲಿತ್ತು. ಈ ವಯಸ್ಸಿನ ತಂಡಕ್ಕೆ ಅದೇ ಕೊನೆಯ ಅವಕಾಶ. ಗಾಯವಾಗಿ ಮರಳಿದವರಿಗೆ ಒಂದು ನಮೂನೆ ಇರುತ್ತದೆ. ಓಡಬಲ್ಲಳೇ, ಜಿಗಿಯಬಲ್ಲಳೇ ಎಂಬುದಕ್ಕೆ ಡಾಕ್ಟರು ಹೌದು ಎಂದು ಬರೆದಿದ್ದರು. ಮೂರನೆಯದು, ‘ಹಠಾತ್ತನೆ ನಿಲ್ಲಬಲ್ಲಳೇ?’ ಅದನ್ನು ತುಂಬಿ ಸಹಿ ಹಾಕಬೇಕಾದವನು ನಾನು. ಅದಿಲ್ಲದೆ ಅಂಗಳಕ್ಕೆ ಬಿಡುವುದಿಲ್ಲ.

ಬರೆಯಲು ನನಗೆ ಅನುಮಾನವೇನೂ ಇರಲಿಲ್ಲ. ಎರಡು ತಿಂಗಳಿಂದ ಅವಳು ನನ್ನ ಮುಂದೆ ನಿಲ್ಲುತ್ತಿದ್ದಳು. ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಕಡೆಯಿಂದ ಪೂರ್ತಿ ವೇಗದಲ್ಲಿ ಬಂದು, ಪೀಪಿ ಕೇಳಿದೊಡನೆ ಮೂರು ಹೆಜ್ಜೆಯಲ್ಲಿ ನಿಂತು, ಬಲಕ್ಕೆ ತಿರುಗಿ ನನಗೆ ಚೆಂಡು ಕೊಡುತ್ತಿದ್ದಳು. ಎರಡು ತಿಂಗಳಲ್ಲಿ ಒಮ್ಮೆಯೂ ತಡವರಿಸಿರಲಿಲ್ಲ. ಶುಕ್ರವಾರ ಬೆಳಗ್ಗೆ ನಮೂನೆಯನ್ನು ಜೇಬಿನಲ್ಲಿಟ್ಟುಕೊಂಡು, ಸಂಜೆ ಒಂದು ಸಲ ನೋಡಿ ಬರೆದರಾಯಿತು ಎಂದುಕೊಂಡಿದ್ದೆ.

ಅಂದು ಮಧ್ಯಾಹ್ನ ನೆಲ ಒರೆಸುವಾಕೆ ಮಂಡಿಯೂರಿ ಕೂತು ಶೂಗಳ ಕಪ್ಪು ಗುರುತುಗಳನ್ನು ತಿಕ್ಕುತ್ತಿದ್ದಳು. ವಯಸ್ಸಾದ ಹೆಂಗಸು, ನಾಲಿಗೆ ಮಾತ್ರ ಹದಿಹರೆಯದ್ದು. ನಾನು ಕಿಟಕಿಯ ಬಳಿ ನನ್ನ ಜಾಗದಲ್ಲಿ ನಿಂತಿದ್ದೆ. ಇದ್ದುದರಲ್ಲಿ ಗಾಳಿ ಬರುವುದು ಅಲ್ಲಿ ಮಾತ್ರ. ತಿಕ್ಕುತ್ತಲೇ ಅವಳು ಕೇಳಿದಳು:

“ಮೇಷ್ಟ್ರೇ, ನಿಮ್ಮ ಹುಡುಗೀರೆಲ್ಲ ಒಂಟಿಕಾಲಿನವರಾ?”

ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ.

“ಅಲ್ಲ, ನೋಡಿ. ಮೂರು ಪಟ್ಟಿ ಹಾಕಿದೀರಿ. ಮೂರರಲ್ಲೂ ಎಡಗಡೆನೇ ಮಸಿ. ಬಲಗಡೆ ನಾನು ಬಟ್ಟೆ ಆಡಿಸಿ ಎರಡು ವರ್ಷ ಆಯ್ತು. ನಂಗೇನು, ಅರ್ಧ ಕೆಲಸ ಉಳೀತು.”

ನೆಲದ ಮೇಲೆ ಬಿಳಿ ಟೇಪಿನಲ್ಲಿ ನಾನೇ ಅಂಟಿಸಿದ ಮೂರು ಓಟದ ಪಟ್ಟಿಗಳಿವೆ. ಹೋಗಿ ನೋಡಿದೆ. ಮೂರರಲ್ಲೂ, ನಿಲ್ಲುವ ಜಾಗದಲ್ಲಿ, ಎಡ ಅರ್ಧ ಕಪ್ಪಾಗಿ ಸವೆದಿತ್ತು. ಬಲ ಅರ್ಧದಲ್ಲಿ ಮರದ ಮೆರುಗು ಹೊಸದರ ಹಾಗೇ ಇತ್ತು. ಪ್ರತಿ ನಿಲುಗಡೆಗೂ ನೆಲದ ಮೇಲೆ ರಬ್ಬರು ಉಜ್ಜಿ ಒಂದು ಮಸಿ ಉಳಿಯುತ್ತದೆ. ಹದಿನೆಂಟು ಜನ, ಎರಡು ವರ್ಷ. ಸಾವಿರಾರು ಮಸಿ, ಎಲ್ಲವೂ ಒಂದೇ ಕಾಲಿನದು.

ಅರ್ಥವಾಗಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬಲಕ್ಕೆ ತಿರುಗುವವರು ಮೈಭಾರವನ್ನು ಎಡಗಾಲಿನ ಮೇಲೆ ನಿಲ್ಲಿಸುತ್ತಾರೆ. ನಾನು ಎಲ್ಲರನ್ನೂ ಬಲಕ್ಕೇ ತಿರುಗಿಸಿದ್ದೆ. ಎಡಕ್ಕೆ ತಿರುಗಿಸಿದರೆ ಚೆಂಡು ಹಿಡಿಯಲು ನಾನು ಆ ಗೋಡೆಯ ಬುಡದಲ್ಲಿ ನಿಲ್ಲಬೇಕಿತ್ತು, ಅದಕ್ಕೆ. ಆಚೆ ತುದಿಯಿಂದ ಓಡಿಸಿದ್ದರೆ ಎಲ್ಲ ಅದಲುಬದಲಾಗುತ್ತಿತ್ತು. ಆದರೆ ಆಗ ನಾನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ, ಹದಿನೆಂಟು ಜೊತೆ ಶೂಗಳ ಮತ್ತು ಒದ್ದೆ ಬಟ್ಟೆಗಳ ನಾತದಲ್ಲಿ ನಿಂತು ನೋಡಬೇಕಾಗುತ್ತಿತ್ತು. ಹಾಗೆಂದು ಯಾವತ್ತೂ ಕೂತು ಯೋಚಿಸಿ ನಿರ್ಧಾರ ಮಾಡಿದ್ದಲ್ಲ. ಮೊದಲ ದಿನ ಟೇಪು ಅಂಟಿಸುವಾಗ ಮೂಗು ಹೇಳಿದ ಕಡೆ ಕೈ ಹೋಗಿತ್ತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದು ಅದಕ್ಕಿಂತ ಕೀಳು. ನೆಲವನ್ನು ಡೊಂಕು ಮಾಡಿಟ್ಟು, ಎಷ್ಟು ಚೆನ್ನಾಗಿ ಕುಣಿಯುತ್ತಾರೆ ಎಂದು ಹೆಮ್ಮೆಪಟ್ಟವನು ನಾನು.

ಆದರೂ ಖಾತ್ರಿಯಾಗಬೇಕೆಂದು ಬಟ್ಟೆ ಬದಲಿಸುವ ಕೋಣೆಗೆ ಹೋದೆ. ಹುಡುಗಿಯರು ಇನ್ನೂ ಬಂದಿರಲಿಲ್ಲ. ಆಟದ ಶೂಗಳನ್ನು ಅವರು ಅಲ್ಲೇ ಮರದ ಹಲಗೆಗಳ ಮೇಲೆ ಬಿಟ್ಟು ಹೋಗುತ್ತಾರೆ. ಒಂದೊಂದನ್ನೇ ಕೈಗೆತ್ತಿಕೊಂಡು ತಿರುಗಿಸಿದೆ. ಒಳಗಿನ ಬೆವರು ಇನ್ನೂ ಆರಿರಲಿಲ್ಲ. ಒಂದರಲ್ಲಿ ಹಳೆಯ ಕಾಲುಚೀಲ ಮುದ್ದೆಯಾಗಿ ಬೂಸಲು ಹಿಡಿದಿತ್ತು, ಇನ್ನೊಂದರ ಅಡಿಯಲ್ಲಿ ಯಾರದೋ ಕೂದಲು ಅಂಟಿನೊಂದಿಗೆ ಹೆಪ್ಪುಗಟ್ಟಿತ್ತು. ಉಸಿರು ಬಿಗಿಹಿಡಿದು ಹದಿನೆಂಟು ಜೊತೆಯನ್ನೂ ನೋಡಿದೆ. ಎಡ ಅಟ್ಟೆಗಳು ಸವೆದು ನುಣ್ಣಗಾಗಿದ್ದವು. ಬಲ ಅಟ್ಟೆಗಳಲ್ಲಿ ಅಂಗಡಿಯಲ್ಲಿ ಕೊಟ್ಟಾಗಿನ ಗೆರೆಗಳು ಹಾಗೇ ಇದ್ದವು. ಮಿಡತೆಯ ಬಲಶೂವಿನ ಅಡಿಯಲ್ಲಿ ಅಳತೆಯ ಸಂಖ್ಯೆ ಕೂಡ ಅಳಿಸಿರಲಿಲ್ಲ.

ಅವಳ ಗಾಯವಾದ ಕಾಲು ಅದು. ಎರಡು ತಿಂಗಳಿಂದ ಅದು ಒಂದು ಸಲವೂ ಅವಳನ್ನು ನಿಲ್ಲಿಸಿರಲಿಲ್ಲ. ನಾನು ಮೆಚ್ಚಿ ತಲೆಯಾಡಿಸಿದ್ದು ಇನ್ನೊಂದು ಕಾಲಿಗೆ. ಯಾರಿಗೆ ಗೊತ್ತು, ಮೊದಲು ಅದು ಹರಿದದ್ದೂ ಅದಕ್ಕೇ ಇರಬಹುದು. ಕಲಿಯದ ಕಾಲಿನ ಮೇಲೆ ನಿಲ್ಲಬೇಕಾಗಿ ಬಂದ ಒಂದು ಗಳಿಗೆ. ಈ ಯೋಚನೆ ಬಂದಾಗ ನಾನು ಅವಳ ಶೂವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಅದನ್ನು ಅಟ್ಟೆ ಕೆಳಗೆ ಮಾಡಿ ಹಲಗೆಯ ಮೇಲೆ ವಾಪಸ್ಸಿಟ್ಟೆ.

ಅವಳು ಬಂದ ಮೇಲೆ ವಿಷಯ ಏನೂ ಹೇಳದೆ, ಒಬ್ಬಳನ್ನೇ ಕರೆದು, ಅರ್ಧ ವೇಗದಲ್ಲಿ ಬಂದು ನಿಂತು ಎಡಕ್ಕೆ ತಿರುಗು ಎಂದೆ. ಗೋಡೆಯ ಕಡೆಗಾ ಎಂದು ಮೂಗು ಸುಕ್ಕಿಸಿದಳು. ಮೊದಲ ಸಲ ಅವಳ ಮೈ ಮೋಸ ಮಾಡಿತು. ಎಡಗಾಲಲ್ಲೇ ನಿಂತು, ಎರಡು ಪುಟ್ಟ ಹೆಜ್ಜೆ ಹಾಕಿ ಎಡಕ್ಕೆ ತಿರುಗಿಕೊಂಡಿತು. ಬಲಗಾಲಲ್ಲಿ ನಿಲ್ಲು ಎಂದೆ. ಎರಡನೆಯ ಸಲ ಬಲಗಾಲು ಊರಿದಳು. ಮೊಣಕಾಲು ಒಳಕ್ಕೆ ಕುಸಿಯಿತು. ಬೀಳಲಿಲ್ಲ. ಆದರೆ ನಿಲ್ಲಲೂ ಆಗದೆ ಐದಾರು ಹೆಜ್ಜೆ ಜಾರಿಕೊಂಡು ಹೋಗಿ ಎರಡೂ ಅಂಗೈಯಿಂದ ಗೋಡೆಗೆ ಬಡಿದಳು. ಉಬ್ಬಿದ ಸುಣ್ಣ ಪುಡಿಯಾಗಿ ಉದುರಿತು. ತಿರುಗಿ ನಿಂತು ಅಂಗೈ ನೋಡಿಕೊಂಡಳು. ಲೋಳೆ ಮೆತ್ತಿಕೊಂಡಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

ನಾನು ಕಾರಣ ಹೇಳಿದೆ. ಟೇಪು, ತಿರುವು, ಶೂಗಳು. ಗೋಡೆಯ ವಿಷಯವನ್ನು ಮಾತ್ರ ನುಂಗಿಕೊಂಡೆ. ಅವಳು ಪೂರ್ತಿ ಕೇಳಿದಳು.

“ಭಾನುವಾರ ನಾನು ಎಡಗಾಲಲ್ಲೇ ನಿಲ್ತೀನಿ, ಮಾಮ.”

“ಎದುರಿನವಳು ಯಾವ ಕಡೆಯಿಂದ ಬರ್ತೀನಿ ಅಂತ ಹೇಳಿ ಬರ್ತಾಳಾ?”

“ಒಂದು ಪಂದ್ಯ ಅಷ್ಟೆ. ನಲವತ್ತು ನಿಮಿಷ. ಹನ್ನೊಂದು ತಿಂಗಳು ಕಾದಿದೀನಿ.”

ನಾನು ಸುಮ್ಮನಾದೆ. ಸುಮ್ಮನಾಗುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಎದುರಿನವರು ಅದನ್ನು ತಮಗೆ ಬೇಕಾದಂತೆ ತಿಳಿದುಕೊಳ್ಳಲಿ ಎಂದು ಬಿಟ್ಟುಬಿಡುತ್ತೇನೆ. ಅವಳು ಒಪ್ಪಿಗೆ ಎಂದು ತಿಳಿದುಕೊಂಡಳು. ಗೊತ್ತಿದ್ದೂ ತಿದ್ದಲಿಲ್ಲ. ಕೈ ತೊಳೆಯಲು ಹೋಗುವಾಗ ಅವಳು ಸ್ವಲ್ಪ ಕುಂಟಿದಳು. ನಾನು ನೋಡುತ್ತಿದ್ದೇನೆಂದು ತಿಳಿದು ಕುಂಟುವುದನ್ನು ನಿಲ್ಲಿಸಿದಳು.

ಪೀಪಿ ಮೇಷ್ಟ್ರಿಗೆ ಹೇಳಿದೆ. ತಮ್ಮ ಮೇಜಿನ ಮುಂದೆ ಕೂತು ಕಿವಿಯಲ್ಲಿ ಬೀಗದ ಕೈ ಆಡಿಸುತ್ತ ಕೇಳಿಸಿಕೊಂಡರು. ಹೊರಬಂದದ್ದನ್ನು ಒಮ್ಮೆ ನೋಡಿ, ಮೇಜಿನ ಅಂಚಿಗೆ ಒರೆಸಿದರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇಂಥದ್ದೆಲ್ಲ ಎಲ್ಲ ಕಡೆಯೂ ಇರುತ್ತದೆ, ಆಯ್ಕೆಯಾದ ಮೇಲೆ ಸಾವಕಾಶವಾಗಿ ಬಲಗಾಲಿಗೂ ಕಲಿಸಿದರಾಯಿತು, ತಂಡಕ್ಕೆ ನಮ್ಮವಳೊಬ್ಬಳು ಹೋಗಿ ಆರು ವರ್ಷವಾಯಿತು ಎಂದರು. ಓದಿದವರ ಕಷ್ಟವೇ ಇದು, ಕೂದಲು ಸೀಳಿ ಎರಡೂ ತುಂಡನ್ನು ಅಳೆಯುತ್ತಾರೆ ಎಂದರು. ನಾನು ಬಾಗಿಲಿಗೆ ಹೋಗುತ್ತಿದ್ದಾಗ ಪೀಪಿ ಬಾಯಿಗಿಟ್ಟುಕೊಂಡು ಇನ್ನೊಂದು ಮಾತು ಸೇರಿಸಿದರು:

“ಸರಿಯಪ್ಪಾ, ಇಲ್ಲ ಅಂತ ಬರಿ. ಉಳಿದ ಹದಿನೇಳು ಜನರ ಅಪ್ಪ ಅಮ್ಮಂದಿರು ಬಂದು ಕೇಳಿದಾಗ ಏನಂತೀಯ? ಎರಡು ವರ್ಷ ಮೂಗು ಮುಚ್ಕೊಂಡು ಪಾಠ ಮಾಡಿದೆ ಅಂತೀಯಾ?”

ನಾನು ಮುಚ್ಚಿಟ್ಟದ್ದನ್ನು ಅವರು ಮೊದಲಿಂದಲೂ ಬಲ್ಲವರಾಗಿದ್ದರು. ದಿನವೂ ಕಂಡಿದ್ದರು, ಹೇಳಿರಲಿಲ್ಲ. ನಮ್ಮಿಬ್ಬರ ನಡುವೆ ಅಷ್ಟೊಂದು ಹೋಲಿಕೆ ಇದೆಯೆಂದು ನನಗೆ ತಿಳಿದಿರಲಿಲ್ಲ.

ನಮೂನೆಯಲ್ಲಿ ‘ಹೌದು’ ಮತ್ತು ‘ಇಲ್ಲ’ ಎಂದು ಎರಡು ಚೌಕಗಳಿದ್ದವು. ನಾನು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ ಕೂತೆ. ಹೌದು ಎನ್ನುವುದು ಎಷ್ಟು ಸುಲಭವಿತ್ತೆಂದು ಈಗಲೂ ನೆನಪಾಗುತ್ತದೆ. ಹುಡುಗಿಗೂ ಅದೇ ಬೇಕು, ಮೇಷ್ಟ್ರಿಗೂ ಅದೇ ಬೇಕು. ಮೊಣಕಾಲು ಉಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹೋದರೆ ವಿಧಿ ಎನ್ನಬಹುದು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಎರಡು ವರ್ಷ ಕೊಳೆಯದೆ ಉಳಿಯುತ್ತದೆ. ಪೆನ್ನಿನ ತುದಿಯನ್ನು ಆ ಚೌಕದ ಮೇಲಿಟ್ಟೆ. ಒಂದು ಚುಕ್ಕಿ ಮೂಡಿತು. ಹಸಿ ಕೊಂಬೆ ತಿರುಚಿದ ಆ ಸದ್ದು ಮತ್ತೆ ಕೇಳಿದ ಹಾಗಾಯಿತು ಎಂದರೆ ಸುಳ್ಳಾಗುತ್ತದೆ. ಏನೂ ಕೇಳಲಿಲ್ಲ. ಆ ಚುಕ್ಕಿಯನ್ನು ನೋಡಿದಾಗ ಊಟದ ತಟ್ಟೆಯಲ್ಲಿ ಬೇರೊಬ್ಬರ ಉಗುರು ಕಂಡಂತಾಯಿತು, ಅಷ್ಟೇ. ‘ಇಲ್ಲ’ ಎಂದು ಗುರುತು ಹಾಕಿದೆ. ಕೆಳಗೆ ಬರೆದೆ: ‘ಬಲಗಾಲಿನ ಮೇಲೆ ನಿಲ್ಲುವುದನ್ನು ಈಕೆಗೆ ಕಲಿಸಿಲ್ಲ. ಉಳಿದ ಹದಿನೇಳು ಜನರಿಗೂ ಕಲಿಸಿಲ್ಲ. ತಪ್ಪು ಕಲಿಸಿದವನದು.’ ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಪೀಪಿ ಮೇಷ್ಟ್ರ ಮೇಜಿನ ಮೇಲಿಟ್ಟು, ಅವರು ಬರುವ ಮೊದಲೇ ಮನೆಗೆ ಹೋದೆ.

ಅಕ್ಕ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಕಾರ್ಖಾನೆಯಲ್ಲಿ ಮಡಿಸುವ ಕೆಲಸ ಮಾಡುತ್ತಾಳೆ. ಬೆಳಗಿಂದ ಸಂಜೆಯವರೆಗೆ ಆಸ್ಪತ್ರೆಯ ಹೊದಿಕೆಗಳನ್ನು ಮಡಿಸಿ ಬಂದು, ಮನೆಯಲ್ಲೂ ಕೈಗೆ ಸಿಕ್ಕಿದ್ದನ್ನೆಲ್ಲ ಮಡಿಸುತ್ತಾಳೆ. ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿರುವುದು. ಶನಿವಾರ ನಾನು ತರಬೇತಿಗೆ ಹೋಗಲಿಲ್ಲ. ಸಂಜೆ ಮಿಡತೆ ಅಲ್ಲಿಂದ ಬಂದವಳೇ ಚೀಲ ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೀಪಿ ಮೇಷ್ಟ್ರು ಲಕೋಟೆಯನ್ನು ಎಲ್ಲ ಹುಡುಗಿಯರ ಮುಂದೆ ಒಡೆದು, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿ, ನಿಮ್ಮ ಬ್ರೇಕ್ ಮೇಷ್ಟ್ರ ಬ್ರೇಕೇ ಕೆಟ್ಟಿದೆ ಎಂದು ನಕ್ಕರಂತೆ. ಕೆಲವರು ನಕ್ಕರಂತೆ. ಅಕ್ಕ ಎಲ್ಲವನ್ನೂ ಮಗಳಿಂದ ಬಾಗಿಲ ಈಚೆ ನಿಂತು ಕೇಳಿಕೊಂಡು ನನ್ನ ಬಳಿ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ.

“ಇಲ್ಲ ಅಂತ ಬರ್ದಿದ್ದು ಸರೀನೇ ಇರ್ಬಹುದು ಕಣೋ. ಅವಳ ಮುಖ ನೋಡಿ ಹೇಳಿದ್ಯಾ, ಇಲ್ಲಾ ಬರೀ ಕಾಗದದಲ್ಲಿ ಬರ್ದ್ಯಾ?”

ಅವಳು ನನ್ನ ಮಂಚದ ಮೇಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಇಟ್ಟು ಹೋದಳು.

ಅಲ್ಲಿಯವರೆಗೆ ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು. ಸತ್ಯ ಬರೆದೆ, ನನ್ನ ಮೇಲೇ ಬರೆದುಕೊಂಡೆ ಎಂಬ ಸಮಾಧಾನ. ಅಕ್ಕ ಹೋದ ಮೇಲೆ ಅದೂ ಹುಳಿಯಾಯಿತು. ಗೋಡೆ ನಾರುತ್ತದೆಂದು ದೂರ ನಿಂತೆ. ಹುಡುಗಿಯ ಕಣ್ಣಲ್ಲಿ ನೀರು ಬರುತ್ತದೆಂದು ಅಲ್ಲಿಂದಲೂ ದೂರ ನಿಂತೆ. ಎರಡೂ ಸಲ ದೂರ ನಿಂತದ್ದಕ್ಕೆ ಮೈ ತೆತ್ತವಳು ಅವಳು. ನನ್ನ ಸತ್ಯಕ್ಕೆ ನನ್ನ ಮೈಯ ಒಂದು ಕೂದಲೂ ಕೊಂಕಿರಲಿಲ್ಲ.

ಹೋಗಿ ಅವಳ ಬಾಗಿಲು ತಟ್ಟಿದೆ. ತೆಗೆದಳು. ಕಣ್ಣು ಊದಿಕೊಂಡು ಕೆಂಪಾಗಿತ್ತು, ಮೂಗು ಸೋರುತ್ತಿತ್ತು, ಒರೆಸಿಕೊಂಡಿರಲಿಲ್ಲ. ನಾನು ಗೋಡೆಯ ವಿಷಯ ಹೇಳಿದೆ. ಟೇಪು ಆ ಕಡೆಗೆ ಯಾಕೆ ಹಾಕಲಿಲ್ಲ, ಆಚೆ ತುದಿಯಿಂದ ಯಾಕೆ ಓಡಿಸಲಿಲ್ಲ, ಎಲ್ಲ ಹೇಳಿದೆ. ಅರ್ಧ ವೇಗದಲ್ಲಿ ನಿಲ್ಲಲಾಗದ ಕಾಲು ಪೂರ್ತಿ ವೇಗದಲ್ಲಿ ಉಳಿಯುವುದಿಲ್ಲ ಎಂದೆ. ನಿನಗೆ ಹೇಳಿ ಬರೆಯಬೇಕಿತ್ತು, ಹೇಳಲಿಲ್ಲ ಎಂದೆ. ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು. ಮೆಲ್ಲಗೆ ಹೇಳಿದಳು:

“ನಿನಗೆ ನಾತ ಆಗಲ್ಲ. ಅದಕ್ಕೆ ನನ್ನ ಮೊಣಕಾಲು.”

“ಹೌದು.”

“ಈಗ ನನ್ನ ಮುಖ ನೋಡೋಕೂ ಅಸಹ್ಯ ಆಗ್ತಿದೆ ಅಲ್ವಾ ನಿನಗೆ?”

ಇಲ್ಲ ಎಂದೆ. ಅವಳು ಬಾಗಿಲು ಹಾಕಿಕೊಂಡಳು. ಸುಳ್ಳು ಹೇಳಿರಲಿಲ್ಲ. ನಂಬಬೇಕಾದ ಕಾರಣವೂ ಅವಳಿಗಿರಲಿಲ್ಲ.

ಭಾನುವಾರ ತಂಡದ ಆಯ್ಕೆ ಅವಳಿಲ್ಲದೆ ಮುಗಿಯಿತು. ಸೋಮವಾರ ನಾನು ಮೂರು ಪಟ್ಟಿಗಳ ಟೇಪನ್ನೂ ಕಿತ್ತೆ. ಉಗುರಿನ ಸಂದಿಗೆ ಹಳೆಯ ಅಂಟು, ಕೂದಲು, ಕಸ ಎಲ್ಲ ಸೇರಿಕೊಂಡಿತು. ಹೊಸ ಪಟ್ಟಿಗಳನ್ನು ಆಚೆ ತುದಿಯಿಂದಲೂ ಈಚೆ ತುದಿಯಿಂದಲೂ ಬರುವ ಹಾಗೆ ಹಾಕಿದೆ. ಬಂದ ಹುಡುಗಿಯರಿಗೆಲ್ಲ, ಕೇಳಲು ಬಂದ ನಾಲ್ಕೈದು ತಾಯಂದಿರಿಗೆ, ನಿಂತುಕೊಂಡೇ ವಿವರಿಸಿದೆ. ಮೂಗಿನ ವಿಷಯವನ್ನೂ ಬಿಡಲಿಲ್ಲ. ಒಬ್ಬ ತಾಯಿ ನಕ್ಕಳು, ಒಬ್ಬಳು ತನ್ನ ಮಗಳನ್ನು ಕರೆದುಕೊಂಡು ಹೋದಳು. ಬಲಗಾಲು ಓಟದಿಂದ ಶುರುಮಾಡುವಂತಿರಲಿಲ್ಲ. ನಡಿಗೆಯಿಂದ ನಿಲ್ಲುವುದು, ವೇಗದ ನಡಿಗೆಯಿಂದ ನಿಲ್ಲುವುದು, ಆಮೇಲೆ ನಿಧಾನದ ಓಟ. ಕನಿಷ್ಠ ಹನ್ನೆರಡು ವಾರ. ನಾನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ನಿಂತು ನೋಡಲು ಶುರುಮಾಡಿದೆ. ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಆಗಿಲ್ಲ. ಪ್ರತಿದಿನವೂ ಮೊದಲ ಉಸಿರಿಗೆ ವಾಕರಿಕೆ ಬರುತ್ತದೆ.

ಮಿಡತೆ ಒಂಬತ್ತು ದಿನ ಬರಲಿಲ್ಲ. ಮನೆಯಲ್ಲಿ ನಾನು ಅಡುಗೆಮನೆಗೆ ಹೋದರೆ ಅವಳು ಎದ್ದು ಹೋಗುತ್ತಿದ್ದಳು. ಹತ್ತನೆಯ ದಿನ ಬಂದಳು. ಯಾರೊಂದಿಗೂ ಮಾತಾಡದೆ ಶೂ ಕಟ್ಟಿಕೊಂಡು, ತನ್ನ ವಯಸ್ಸಿನವರ ಜೊತೆಗಲ್ಲ, ಆ ವಾರವಷ್ಟೇ ಸೇರಿದ್ದ ಹನ್ನೊಂದು ಹನ್ನೆರಡು ವರ್ಷದವರ ನಡಿಗೆಯ ಸಾಲಿನಲ್ಲಿ ಹೋಗಿ ನಿಂತಳು. ಅವರ ತಲೆಗಳು ಅವಳ ಭುಜಕ್ಕೂ ಬರುತ್ತಿರಲಿಲ್ಲ. ನಾನು ಎದುರಿಗೆ ನನ್ನ ಜಾಗಕ್ಕೆ ಹೋಗುತ್ತಿದ್ದಂತೆ ಹೇಳಿದಳು:

“ಎದುರಿಗೆ ನಿಲ್ಲಬೇಡ.”

ಎಲ್ಲರಿಗೂ ಕೇಳಿಸಿತು. ನಾನು ಸುತ್ತು ಹಾಕಿ ಅವಳ ಹಿಂದೆ ಹೋಗಿ ನಿಂತೆ. ಅವಳ ಸಡಿಲ ಪ್ಯಾಂಟಿನಲ್ಲಿ ಹಿಂದಿನಿಂದ ನೋಡಿದರೆ ಮೊಣಕಾಲು ಕಾಣುವುದಿಲ್ಲ. ಬೆನ್ನು, ಹಿಮ್ಮಡಿ, ಜಡೆ, ಅಷ್ಟೇ. ನಿಲ್ಲುವಾಗ ಅದು ನೆಟ್ಟಗಿದೆಯೋ ಒಳಕ್ಕೆ ಕುಸಿಯಿತೋ ಎಂದು ತಿಳಿಯಲು ನನಗೆ ಯಾವ ದಾರಿಯೂ ಇರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ಅವಳಿಗೆ ಕಲಿಸಿದವನೇ ನಾನಲ್ಲವೇ.

ನಡೆದಳು. ಪೀಪಿ ಊದಿದೆ. ಒಂದು ಹೆಜ್ಜೆ, ಇನ್ನೊಂದು, ಮತ್ತೊಂದು. ಬಲಗಾಲು ಊರಿದ ಸದ್ದಾಯಿತು. ಶೂ ಒಮ್ಮೆ ಕೀರಲಿಟ್ಟಿತು. ನಿಂತಳು. ಅವಳ ಭುಜಗಳು ಮೇಲೆದ್ದು, ನಿಧಾನವಾಗಿ ಇಳಿದವು. ಅವಳು ತಿರುಗಿ ನೋಡಲಿಲ್ಲ. ಪಕ್ಕದ ಪಟ್ಟಿಯಲ್ಲಿ ನಿಂತು ಬಾಯಿಬಿಟ್ಟು ನೋಡುತ್ತಿದ್ದ ಚಿಕ್ಕ ಹುಡುಗಿಗೆ ಹೇಳಿದಳು:

“ನಾಲ್ಕು ಹೆಜ್ಜೆ. ಜಾಸ್ತಿ ಆಯ್ತು. ನೀನು ಎಣಿಸು, ನಾನು ಇನ್ನೊಂದ್ಸಲ ಬರ್ತೀನಿ.”

ಮತ್ತೆ ಶುರುವಿನ ಗೆರೆಗೆ ಹೋಗಲು ನನ್ನನ್ನು ಹಾದುಹೋಗಬೇಕಿತ್ತು. ನಾನು ಸರಿದು ದಾರಿ ಬಿಟ್ಟೆ.